ಜ್ವರ ಬಿಟ್ಟ ಮೇಲಿನ ಬೇನೆಗೆ ಹೆಸರು

ಪುಣೆಯ ಸದಾಶಿವ ಪೇಠದಲ್ಲಿ ನೆಲೆಸಿದ ಧಾರವಾಡ ಕಡೆಯ ಮನೆತನಗಳಲ್ಲಿ 'ಜ್ವರಾ ಬಿಟ್ಟದ, ನಿಶ್ಶಕ್ತಿ ಬಿಟ್ಟಿಲ್ಲ' ಎಂಬ ಮಾತು ಕೇಳಬರುವುದುಂಟು. ಕೋವಿಡ್ ಸೋಂಕು ಕಳೆದರೂ ಉಳಿದ ಇಂಥ ದಣಿವು, ಏದುಸಿರು, ಮರೆವುಗಳಿಗೆ 2020ರಲ್ಲಿ ರೋಗಿಗಳೇ 'ಲಾಂಗ್ ಕೋವಿಡ್', ಎಂದರೆ ದೀರ್ಘ ಕೋವಿಡ್, ಎಂದು ಹೆಸರಿಟ್ಟರು. ವಿಶ್ವ ಆರೋಗ್ಯ ಸಂಸ್ಥೆಯು 2021ರ ಅಕ್ಟೋಬರಿನಲ್ಲಿ ಅದನ್ನು 'ಕೋವಿಡೋತ್ತರ ಸ್ಥಿತಿ'ಯೆಂದು ನಿರ್ವಚಿಸಿತು: ಸಾಮಾನ್ಯವಾಗಿ ಸೋಂಕು ತಗುಲಿದ 3 ತಿಂಗಳ ಹೊತ್ತಿಗೆ ಕಂಡು, ಕನಿಷ್ಠ 2 ತಿಂಗಳಾದರೂ ಇದ್ದು, ಅನ್ಯ ರೋಗದಿಂದ ವಿವರಿಸಲಾಗದ ಬೇನೆ. ರೋಗವರ್ಗೀಕರಣದಲ್ಲಿ ಅದಕ್ಕೆ ಯು 09.9 ಎಂಬ ಸಂಕೇತವೂ ಉಂಟು. ಸಂಕೇತವಿಲ್ಲದ ಬೇನೆ ರಜೆಯ ಅರ್ಜಿಯಲ್ಲಿ ಸೋಮಾರಿತನವೆನಿಸಿಬಿಡುತ್ತದೆ. ಆದರೂ 'ಉತ್ತರ' ಎಂಬ ಪದವು ರೋಗ ಮುಗಿಯಿತೆಂದು ಮೊದಲೇ ತೀರ್ಪು ಕೊಡುತ್ತದೆ. ರೋಗಿಗಳ 'ದೀರ್ಘ'ವು ಕಾಲವನ್ನಷ್ಟೇ ಹೇಳುತ್ತದೆ. ನಮ್ಮ ನಿಘಂಟುಗಳಿಗೆ ಇದೇ ಮೇಲೆಂದು ನನ್ನ ಮತ.