ಫ್ಯೂಸ್ ಮತ್ತೆ ಮತ್ತೆ ಹೋಗುವುದೇಕೆ?

ಬಾಯಾರಿನ ಕಡೆಯ ಮನೆಗಳಲ್ಲಿ ಸ್ನಾನದ ನೀರು ಕಾಯಿಸಲು ದೊಡ್ಡ ಹಂಡೆ ಇರುತ್ತಿತ್ತು. ಒಣಗಿದ ಅಡಿಕೆ ಸೋಗೆ, ತೆಂಗಿನ ಸಿಪ್ಪೆ ಅದಕ್ಕೆ ಉರುವಲು. ಈಗ ಹಲವು ಮನೆಗಳಿಗೆ ವಿದ್ಯುತ್ ಹೀಟರ್ ಬಂದಿದೆ. ಆದರೆ ಕೆಲವೊಮ್ಮೆ ಹೀಟರ್ ಹಾಕಿದಾಗಲೆಲ್ಲ ಫ್ಯೂಸ್ ಹೋಗುತ್ತದೆ. ಹೊಸ ತಂತಿ ಕಟ್ಟಿದರೂ ಮರುದಿನ ಅದೇ ಕತೆ. ಇದಕ್ಕೆ ಕಾರಣವೇನು?

ಸುರಂಗದ ನೀರನ್ನು ಅಡಿಕೆ ಮರದ ದಂಬೆಯಲ್ಲಿ ಹರಿಸುವುದನ್ನು ನೀವು ನೋಡಿರಬಹುದು. ದಂಬೆಗೆ ಹಿಡಿಸುವುದಕ್ಕಿಂತ ಹೆಚ್ಚು ನೀರು ಬಂದರೆ ಅದು ಹೊರಚೆಲ್ಲುತ್ತದೆ. ವಿದ್ಯುತ್ ತಂತಿಗೂ ಹೀಗೆಯೇ ಒಂದು ಮಿತಿಯಿದೆ. ಮಿತಿ ಮೀರಿದರೆ ವಿದ್ಯುತ್ ಹೊರಚೆಲ್ಲುವುದಿಲ್ಲ, ತಂತಿ ಬಿಸಿಯಾಗುತ್ತದೆ. ಪ್ರವಾಹ ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟಾಗುತ್ತದೆ!

ಗೋಡೆಯೊಳಗಿನ ತಂತಿ ಹೀಗೆ ಕಾದರೆ ಮನೆಗೇ ಬೆಂಕಿ ಬೀಳಬಹುದು. ಇದನ್ನು ತಡೆಯಲು ಫ್ಯೂಸ್ ಇದೆ. ಅದರ ತೆಳ್ಳಗಿನ ತಂತಿಯನ್ನು ತವರ ಮತ್ತು ಸೀಸದ ಮಿಶ್ರಲೋಹದಿಂದ ಅಥವಾ ತವರ ಲೇಪಿಸಿದ ತಾಮ್ರದಿಂದ ಮಾಡುತ್ತಾರೆ. ಪ್ರವಾಹ ಹೆಚ್ಚಾದಾಗ ಅದು ಮೊದಲು ಕರಗಿ ತುಂಡಾಗುತ್ತದೆ. ಆಗ ವಿದ್ಯುತ್ ನಿಲ್ಲುತ್ತದೆ, ಮನೆ ಉಳಿಯುತ್ತದೆ.

ಒಂದು ಲೆಕ್ಕ ಮಾಡೋಣ. ನಮ್ಮ ಮನೆಗಳಿಗೆ ಬರುವ ವಿದ್ಯುತ್ತು 230 ವೋಲ್ಟ್. ಉಪಕರಣದ ವಾಟನ್ನು 230ರಿಂದ ಭಾಗಿಸಿದರೆ ಅದಕ್ಕೆ ಬೇಕಾದ ಆಂಪಿಯರ್ ಸಿಗುತ್ತದೆ. 3000 ವಾಟ್ ಹೀಟರಿಗೆ ಸುಮಾರು 13 ಆಂಪಿಯರ್ ಬೇಕು. 5 ಆಂಪಿಯರ್ ಫ್ಯೂಸ್ ಇದನ್ನು ತಾಳಲಾರದು. 15 ಆಂಪಿಯರ್ ಫ್ಯೂಸ್ ತಾಳುತ್ತದೆ. ಆದರೆ ಅದೇ ದಾರಿಯಲ್ಲಿ 1000 ವಾಟ್ ಇಸ್ತ್ರಿಪೆಟ್ಟಿಗೆಯನ್ನೂ ಹಾಕಿದರೆ? ಒಟ್ಟು ಪ್ರವಾಹ ಸುಮಾರು 17 ಆಂಪಿಯರ್ ಆಗುತ್ತದೆ!

ಫ್ಯೂಸ್ ಯಾವಾಗ ಹೋಗುತ್ತದೆ ಎಂಬುದನ್ನು ಗಮನಿಸಿದರೆ ಕಾರಣ ಊಹಿಸಬಹುದು.

• ಬೇರೆ ಉಪಕರಣ ಹಾಕಿದಾಗ ಮಾತ್ರ ಹೋದರೆ: ಭಾರ ಹೆಚ್ಚಾಗಿದೆ. ಹೀಟರಿಗೆ ಪ್ರತ್ಯೇಕ ತಂತಿ ಬೇಕು.
• ಸ್ವಿಚ್ ಹಾಕಿದ ಕ್ಷಣವೇ ಹೋದರೆ: ತಂತಿಗಳು ಒಂದಕ್ಕೊಂದು ತಾಗಿರಬಹುದು, ಅಥವಾ ಹೀಟರಿನ ಕಾಯುವ ಸುರುಳಿಯ ಹೊದಿಕೆ ಒಡೆದು ಒಳಗೆ ನೀರು ಸೇರಿರಬಹುದು. ಅಂತಹ ಹೀಟರನ್ನು ಮುಟ್ಟಬಾರದು.
• ಸ್ವಲ್ಪ ಹೊತ್ತು ಉರಿದು ಹೋದರೆ: ಫ್ಯೂಸ್ ತಂತಿ ಹೀಟರಿಗೆ ಸಾಲದೆ ಇರಬಹುದು, ಅಥವಾ ತಿರುಪು ಸಡಿಲವಾಗಿ ಆ ಜಾಗ ಕಾಯುತ್ತಿರಬಹುದು.

ಕೆಲವರು ಬೇಸತ್ತು ದಪ್ಪ ತಾಮ್ರದ ತಂತಿ ಕಟ್ಟಿಬಿಡುತ್ತಾರೆ. ಮತ್ತೆ ಫ್ಯೂಸ್ ಹೋಗುವುದಿಲ್ಲ. ಆದರೆ ತೊಂದರೆ ಹೋಯಿತೇ? ಇಲ್ಲ. ಕಳ್ಳ ಬಂದಾಗ ಬೊಗಳುವ ನಾಯಿಯ ಬಾಯಿ ಕಟ್ಟಿದಂತಾಯಿತು! ತಾಮ್ರ ಕರಗಲು 1085 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಬೇಕು. ದಪ್ಪ ತಂತಿ ಅಷ್ಟು ಕಾಯುವುದರೊಳಗೆ ಗೋಡೆಯ ತಂತಿಯ ಹೊದಿಕೆ ಸುಟ್ಟುಹೋಗಿರುತ್ತದೆ.

ಈಗಿನ ಹಲವು ಮನೆಗಳಲ್ಲಿ ಫ್ಯೂಸಿಗೆ ಬದಲಾಗಿ ಎಂ.ಸಿ.ಬಿ. ಎಂಬ ಸ್ವಿಚ್ ಇದೆ. ಪ್ರವಾಹ ಹೆಚ್ಚಾದರೆ ಅದು ತಾನಾಗಿ ಕೆಳಗೆ ಬೀಳುತ್ತದೆ. ಅದು ಪದೇ ಪದೇ ಬಿದ್ದರೂ ಕಾರಣ ಹುಡುಕಲೇಬೇಕು.

ಮಕ್ಕಳೇ, ಫ್ಯೂಸನ್ನು ನೀವು ಬಿಚ್ಚಬೇಡಿರಿ. ಕಂಡದ್ದನ್ನು ಹಿರಿಯರಿಗೆ ತಿಳಿಸಿರಿ. ಮುಖ್ಯ ಸ್ವಿಚ್ ಆರಿಸಿ, ತಿಳಿದ ವಯರ್‌ಮನ್ನರಿಂದ ಪರೀಕ್ಷೆ ಮಾಡಿಸುವುದೇ ಸರಿಯಾದ ದಾರಿ.

ಅಭ್ಯಾಸ

1. ಫ್ಯೂಸ್ ತಂತಿ ತೆಳ್ಳಗಿರಬೇಕು. ಏಕೆ?
2. 2000 ವಾಟ್ ಹೀಟರಿಗೆ ಸುಮಾರು ಎಷ್ಟು ಆಂಪಿಯರ್ ಬೇಕು?
3. ನಿಮ್ಮ ಮನೆಯ ಉಪಕರಣಗಳಲ್ಲಿ ಬರೆದಿರುವ ವಾಟನ್ನು ಹಿರಿಯರ ಸಹಾಯದಿಂದ ಪಟ್ಟಿ ಮಾಡಿರಿ.