ಮಗಳಿಗೆ ‘ವಿದಿಶಾ’ ಅಂತ ಹೆಸರಿಡ್ತೀರಾ? ಬರೆಸುವ ಮುನ್ನ ಇದನ್ನು ಓದಿ

ಚಂದಾಪುರ: ವೈಶಾಲಿ ಬಿಹಾರದ ಹಳೆಯ ನಗರ. ಅವಂತಿಕಾ ಅಂದ್ರೆ ಉಜ್ಜಯಿನಿ. ಹೀಗೆ ಊರಿನಿಂದ ಬಂದ ಹೆಣ್ಣುಮಕ್ಕಳ ಹೆಸರುಗಳಲ್ಲಿ ಅಪರೂಪದ್ದು ವಿದಿಶಾ.

ವಿದಿಶಾ ಮಧ್ಯಪ್ರದೇಶದ ಒಂದು ಜಿಲ್ಲಾ ಕೇಂದ್ರ, ಸಾಂಚಿ ಸ್ತೂಪದ ಹತ್ತಿರದ ಊರು. ಅಶೋಕ ಚಕ್ರವರ್ತಿಯ ಪತ್ನಿ ದೇವಿ ಇಲ್ಲಿನ ವರ್ತಕನ ಮಗಳು ಎನ್ನುತ್ತವೆ ಬೌದ್ಧ ಗ್ರಂಥಗಳು. ಕಾಳಿದಾಸನ ಮೇಘದೂತದಲ್ಲೂ ಈ ಊರಿದೆ.

ಹೆಸರು ಚೆಂದ, ತೊಡಕು ಇರೋದು ಬರೆಸುವಾಗ. ಕನ್ನಡ, ತಮಿಳು, ತೆಲುಗು, ಹಿಂದಿ ಎಲ್ಲ ಕೇಳಿಬರುವ ಚಂದಾಪುರದಲ್ಲಿ ಒಬ್ಬರು ‘ವಿಧಿಶಾ’ ಅಂತ, ಇನ್ನೊಬ್ಬರು ‘ವಿದಿಷಾ’ ಅಂತ ಬರೆದುಬಿಡಬಹುದು. 2023ರ ಅಕ್ಟೋಬರ್ 1ರ ನಂತರ ಹುಟ್ಟಿದ ಮಕ್ಕಳನ್ನು ಶಾಲೆಗೆ ಸೇರಿಸಲು ಜನನ ಪ್ರಮಾಣಪತ್ರವೇ ಮುಖ್ಯ ದಾಖಲೆ. ಅದರಲ್ಲೊಂದು, ಆಧಾರ್‌ನಲ್ಲೊಂದು ಹೆಸರಿದ್ದರೆ ಅಲೆದಾಟ ತಪ್ಪಿದ್ದಲ್ಲ.

ಜನನವನ್ನು 21 ದಿನದೊಳಗೆ ನೋಂದಾಯಿಸಿದರೆ ಶುಲ್ಕವಿಲ್ಲ. ಹೆಸರು ಇನ್ನೂ ನಿಶ್ಚಯವಾಗಿಲ್ಲ ಅಂದ್ರೆ ಆ ಜಾಗ ಖಾಲಿ ಬಿಡಬಹುದು. ನೋಂದಣಿಯಾದ 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. ಆಮೇಲೆ ತಡ ಶುಲ್ಕ ಕಟ್ಟಬೇಕು.

ಕನ್ನಡ, ಇಂಗ್ಲಿಷ್ ಎರಡರಲ್ಲೂ ಹೆಸರನ್ನು ಚೀಟಿಯಲ್ಲಿ ಬರೆದುಕೊಂಡೇ ಹೋಗಿ. ಪ್ರಮಾಣಪತ್ರ ಕೈಗೆ ಬಂದ ಕೂಡಲೇ ಒಂದೊಂದು ಅಕ್ಷರವನ್ನೂ ನೋಡಿಕೊಳ್ಳಿ.