ಬಿರುಕನ್ನು ತಾನೇ ಬೆಸೆದುಕೊಳ್ಳುವ ವಸ್ತು

ಬೀದರ ನಗರದ ವಾಯುನೆಲೆಯಿಂದ ಮೇಲೇರುವ ಹಾಕ್ ತರಬೇತಿ ವಿಮಾನಗಳ ಸದ್ದು ಭಾಲ್ಕಿ, ಔರಾದ ಕಡೆಯ ಮಕ್ಕಳಿಗೂ ಅಪರಿಚಿತವಲ್ಲ. ಅವುಗಳ ಮೈ ಬಹುಮಟ್ಟಿಗೆ ಲೋಹದ್ದು. ಆದರೆ 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲು ಹಾರಿದ ತೇಜಸ್ ವಿಮಾನದ ಒಡಲಿನ ತೂಕದಲ್ಲಿ ಸುಮಾರು ಶೇಕಡಾ 45 ಭಾಗ ಇಂಗಾಲದ ನಾರಿನ ಸಂಯುಕ್ತ ವಸ್ತು. ನಾರಿನ ಪದರಗಳನ್ನು ಎಪಾಕ್ಸಿ ಎಂಬ ಅಂಟಿನಿಂದ ಒಂದಾಗಿಸಿ, ಕಾವಿನಲ್ಲಿ ಗಟ್ಟಿಗೊಳಿಸಿದ ಇದು ಹಗುರವೂ ಹೌದು, ಬಲಿಷ್ಠವೂ ಹೌದು. ಆದರೆ ಕೈಜಾರಿದ ಸ್ಪ್ಯಾನರ್ ಬಡಿದರೂ ಹೊರಗೆ ಗುರುತು ಕಾಣದಂತೆ ಒಳಪದರಗಳು ಬಿಟ್ಟುಕೊಳ್ಳಬಹುದು. ಲೋಹವಾದರೆ ತಗ್ಗುಬಿದ್ದು ಸಾಕ್ಷಿ ನುಡಿಯುತ್ತದೆ; ಇದು ಮೌನವಾಗಿರುತ್ತದೆ. ಚಾಲಕನ ಪ್ರಾಣಕ್ಕೆ ಕುತ್ತು ಇರುವುದು ಈ ಮೌನದಲ್ಲಿಯೇ.

ಎಪಾಕ್ಸಿಯು ಸುಟ್ಟ ಮಡಕೆಯಂತೆ; ಮರಳಿ ಹಸಿಮಣ್ಣಾಗದು. ಥರ್ಮೋಪ್ಲಾಸ್ಟಿಕ್ ಎಂಬುದಾದರೋ ಬಳೆಗಾರನ ಅರಗಿನಂತೆ ಕಾಯಿಸಿದರೆ ಕರಗಿ, ಆರಿದರೆ ಬಿಗಿಯುತ್ತದೆ. ಅಮೆರಿಕದ ನಾರ್ತ್ ಕೆರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದ ತಂಡವು 2022ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಇಂಥ ಪ್ಲಾಸ್ಟಿಕ್ಕನ್ನು ನಾರಿನ ಪದರಗಳ ನಡುವೆ ಮೊದಲೇ ಇಟ್ಟು, ಜೊತೆಗೆ ತೆಳುವಾದ ವಿದ್ಯುತ್ ಕಾವಿನ ಹಾಳೆಯನ್ನೂ ಹುದುಗಿಸಲಾಗಿದೆ. ವಿದ್ಯುತ್ ಹರಿಸಿದಾಗ ಪ್ಲಾಸ್ಟಿಕ್ ಕರಗಿ, ಬಿರುಕಿನೊಳಕ್ಕೆ ಹರಿದು, ಆರಿದ ಮೇಲೆ ಪದರಗಳನ್ನು ಮತ್ತೆ ಬೆಸೆಯುತ್ತದೆ. ಭಾಗವನ್ನು ಬಿಚ್ಚಿ ಒಯ್ಯಬೇಕಿಲ್ಲ. ಅದೇ ಸ್ಥಳ ಪುನಃ ಬಿರಿದರೆ ಪುನಃ ಬೆಸೆಯಬಹುದು.

ಆದರೆ ತುಂಡಾದ ನಾರು ಇದರಿಂದ ಕೂಡುವುದಿಲ್ಲ. ಬೆಸುಗೆ ಪದರಗಳ ನಡುವಿನದು ಮಾತ್ರ. ಆದುದರಿಂದ ಶ್ರವಣಾತೀತ ತರಂಗಗಳಿಂದ ಒಳಮೈಯನ್ನು ಪರೀಕ್ಷಿಸುವ ಕೆಲಸವನ್ನು ಕೈಬಿಡುವಂತಿಲ್ಲ.